ಕೀಲೆಣ್ಣೆಯಿಂದ ಕಾಂತಸ್ಪಂದಿ ಗ್ರೀಸ್‌ವರೆಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಏರಿಳಿತದ ದಾರಿಗಳಲ್ಲಿ ಎತ್ತಿನ ಗಾಡಿಗಳು ಓಡಾಡುತ್ತಿದ್ದ ಕಾಲದಲ್ಲಿ ಗಾಡಿಯ ಅಡಿಯಲ್ಲಿ ಕೀಲೆಣ್ಣೆಯ ಗೊಟ್ಟ ತೂಗುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದರೆ ಕೀಲೆಣ್ಣೆ ಸಿದ್ಧ. ಮಸಿ ಎಣ್ಣೆಯನ್ನು ಹಿಡಿದಿಡುತ್ತಿತ್ತು. ಕಬ್ಬಿಣದ ಅಚ್ಚು ಸವೆದಂತೆ ಅದರ ನುಣ್ಣನೆಯ ಪುಡಿಯೂ ಜಿಡ್ಡಿಗೆ ಸೇರುತ್ತಿತ್ತು. ಇಂದಿನ ಕಾಂತಸ್ಪಂದಿ ಗ್ರೀಸ್‌ನಲ್ಲಿ ಇರುವುದೂ ಇಂಥ ಮೂರು ಘಟಕಗಳೇ: ಎಣ್ಣೆ, ಅದನ್ನು ಹಿಡಿದಿಡುವ ವಸ್ತು, ಕಬ್ಬಿಣದ ಪುಡಿ.

1948ರಲ್ಲಿ ಅಮೆರಿಕದ ಜೇಕಬ್ ರಬಿನೋ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಬೆರೆಸಿ ಒಂದು ಕ್ಲಚ್ ರಚಿಸಿದರು. ಕಾಂತಕ್ಷೇತ್ರ ಹಾಯಿಸಿದಾಗ ಕಣಗಳು ಸರಪಳಿಯಂತೆ ಸಾಲುಗೂಡಿ ದ್ರವ ಬಿಗಿಯುತ್ತದೆ. ಕ್ಷೇತ್ರ ತೆಗೆದರೆ ಮತ್ತೆ ಹರಿಯುತ್ತದೆ. ಆದರೆ ಕಬ್ಬಿಣದ ಸಾಂದ್ರತೆ ಎಣ್ಣೆಯದಕ್ಕಿಂತ ಸುಮಾರು ಎಂಟು ಪಟ್ಟು ಹೆಚ್ಚು. ಹೀಗಾಗಿ ಕಣಗಳು ತಳಕ್ಕೆ ಇಳಿಯುತ್ತವೆ. 1999ರಲ್ಲಿ ರ‍್ಯಾಂಕಿನ್, ಹೊರ್ವಾಥ್ ಮತ್ತು ಕ್ಲಿಂಗನ್‌ಬರ್ಗ್ ಎಣ್ಣೆಯ ಬದಲು ಗ್ರೀಸ್ ಬಳಸಿ ಈ ತೊಡಕಿಗೆ ಪರಿಹಾರ ತೋರಿಸಿದರು.

ಗ್ರೀಸ್ ಎಂದರೆ ಸಾಬೂನಿನ ಎಳೆಗಳ ಬಲೆಯಲ್ಲಿ ಸಿಕ್ಕ ಎಣ್ಣೆ. 1942ರಲ್ಲಿ ಕ್ಲಾರೆನ್ಸ್ ಅರ್ಲ್ ಲಿಥಿಯಂ ಗ್ರೀಸ್‌ಗೆ ಪೇಟೆಂಟ್ ಪಡೆದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಲಿಥಿಯಂ ಸಾಬೂನಿಗೆ ಬೇಕಾದ ಆಮ್ಲ ದೊರೆಯುವುದು ಹೈಡ್ರೋಜನ್ ಸೇರಿಸಿದ ಹರಳೆಣ್ಣೆಯಿಂದ ಎಂಬುದು ಸ್ವಾರಸ್ಯಕರ. ಕೀಲೆಣ್ಣೆಯ ನಂಟು ಇಲ್ಲಿಯೂ ಉಳಿದಿದೆ.

ಬ್ರೇಕು, ಕ್ಲಚ್ಚುಗಳಲ್ಲಿ ಘರ್ಷಣೆಯಿಂದ ಉಷ್ಣ ಹುಟ್ಟುತ್ತದೆ. ಆಗ ಮೊದಲು ಸೋಲುವುದು ಯಾವುದು? ಕಾಂತತ್ವವೆಂದು ವಿದ್ಯಾರ್ಥಿಗಳು ಉತ್ತರಿಸುವುದುಂಟು. ಕಾಂತತ್ವದ ಮೇಲೆ ತಾಪದ ಪರಿಣಾಮವನ್ನು 1895ರಲ್ಲಿ ಪಿಯರ್ ಕ್ಯೂರಿ ವಿವರವಾಗಿ ಅಭ್ಯಸಿಸಿದ್ದರು. ಕಬ್ಬಿಣದ ಕ್ಯೂರಿ ತಾಪ ಸುಮಾರು 770 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ಲಿಥಿಯಂ ಗ್ರೀಸ್ ಸುಮಾರು 190 ಡಿಗ್ರಿಯಲ್ಲೇ ಕರಗಿ ತೊಟ್ಟಿಕ್ಕುತ್ತದೆ. ಆ ತಾಪದಲ್ಲಿ ಕಬ್ಬಿಣ ತನ್ನ ಕಾಂತೀಕರಣದ ಶೇಕಡಾ 90ಕ್ಕೂ ಹೆಚ್ಚನ್ನು ಉಳಿಸಿಕೊಂಡಿರುತ್ತದೆ. ಎಂದರೆ, ಸೋಲುವುದು ಕಬ್ಬಿಣವಲ್ಲ, ಬಲೆ.

ಹಾನಿ 190 ಡಿಗ್ರಿಗೆ ಮೊದಲೇ ಆರಂಭವಾಗುತ್ತದೆ. ತಾಪ ಏರಿದಂತೆ ಎಣ್ಣೆಯ ಸ್ನಿಗ್ಧತೆ ಇಳಿಯುತ್ತದೆ. ಇದು ತಣಿದಾಗ ಮರಳಿ ಬರುತ್ತದೆ. ಆದರೆ ಬಲೆಯಿಂದ ಒಸರಿ ಹೋದ ಎಣ್ಣೆ ತಾನಾಗಿ ಹಿಂದಿರುಗದು. ಎಣ್ಣೆ ಗಾಳಿಯ ಆಕ್ಸಿಜನ್‌ನೊಡನೆ ವರ್ತಿಸಿ ಕೆಡುವುದೂ ಉಂಟು. ಈ ಉತ್ಕರ್ಷಣಕ್ಕೆ ಕಬ್ಬಿಣ ವೇಗವರ್ಧಕ. ಗ್ರೀಸ್‌ಗೆ ಕಾಂತಗುಣ ಕೊಟ್ಟ ಪುಡಿಯೇ ಅದನ್ನು ಬೇಗ ಮುಪ್ಪಾಗಿಸಬಲ್ಲದು.

ಶಿಕ್ಷಕರು ಇದನ್ನು ತರಗತಿಯಲ್ಲಿ ತೋರಿಸಬಹುದು. ಎರಡು ಪ್ರನಾಳಗಳನ್ನು ತೆಗೆದುಕೊಂಡು, ಒಂದರಲ್ಲಿ ವ್ಯಾಸಲೀನ್, ಇನ್ನೊಂದರಲ್ಲಿ ಲಿಥಿಯಂ ಗ್ರೀಸ್ ಹಾಕಿ, ಎರಡಕ್ಕೂ ಸಮವಾಗಿ ಕಬ್ಬಿಣದ ಪುಡಿ ಬೆರೆಸಿ. ಅವನ್ನು 80 ಡಿಗ್ರಿಯ ಬಿಸಿನೀರಿನಲ್ಲಿ ಇಡಿ. ನೇರ ಉರಿ ಬೇಡ. ವ್ಯಾಸಲೀನ್ ಕರಗಿ ಪುಡಿ ತಳ ಸೇರುತ್ತದೆ. ಗ್ರೀಸ್‌ನಲ್ಲಿ ಅದು ಇದ್ದಲ್ಲೇ ನಿಲ್ಲುತ್ತದೆ. ತಳ ಸೇರಿದ ಪುಡಿಯನ್ನೂ ಅಯಸ್ಕಾಂತ ಸೆಳೆಯುತ್ತದೆ. ಕಾಂತತ್ವ ಉಳಿದಿದ್ದರೂ ಕಣಗಳನ್ನು ಹಿಡಿದಿಡುವ ಆಸರೆ ಹೋಗಿದೆ ಎಂಬುದನ್ನು ವಿದ್ಯಾರ್ಥಿಗಳು ಆಗ ಕಣ್ಣಾರೆ ಕಾಣುತ್ತಾರೆ.