ವಿಕಿಪೀಡಿಯದಲ್ಲಿ ಹೆಚ್ಚು ನೋಡಿದ್ದೆಲ್ಲ ಜನ ಮೆಚ್ಚಿದ್ದೇ?

‘ವಿಕಿಪೀಡಿಯದಲ್ಲಿ ನಮ್ಮ ಹೀರೋನೇ ನಂಬರ್ 1’ ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಜನಮೆಚ್ಚುಗೆಗೆ ಪುರಾವೆಯೇ? ಅಲ್ಲ.

ವಿಕಿಮೀಡಿಯ ಪ್ರತಿಷ್ಠಾನದ 2023ರ ಪಟ್ಟಿಯಂತೆ, ಇಂಗ್ಲಿಷ್ ವಿಕಿಪೀಡಿಯದಲ್ಲಿ ಅತಿ ಹೆಚ್ಚು ವೀಕ್ಷಣೆ ಕಂಡ ಪುಟ ಚಾಟ್‌ಜಿಪಿಟಿ: 4.9 ಕೋಟಿಗೂ ಹೆಚ್ಚು. ಎರಡನೆಯದು ಆ ವರ್ಷ ನಿಧನರಾದವರ ಪಟ್ಟಿ. ನಂತರ ಕ್ರಿಕೆಟ್ ವಿಶ್ವಕಪ್, ಐಪಿಎಲ್. ಮೊದಲ ಹತ್ತರಲ್ಲಿ ‘ಓಪನ್‌ಹೈಮರ್’, ‘ಜವಾನ್’, ‘ಪಠಾಣ್’ ಸಿನಿಮಾಗಳೂ ಇದ್ದವು.

ನಿಧನರಾದವರ ಪಟ್ಟಿಯನ್ನು ಯಾರೂ ಮೆಚ್ಚಿ ತೆರೆಯುವುದಿಲ್ಲ; ಕೇಳಿದ ಸುದ್ದಿ ನಿಜವೇ ಎಂದು ನೋಡಲು ತೆರೆಯುತ್ತಾರೆ. ವಿವಾದದಲ್ಲಿ ಸಿಲುಕಿದವರ ಪುಟಕ್ಕೂ ಜನ ಹೀಗೆಯೇ ಮುಗಿಬೀಳುತ್ತಾರೆ. ಅಲ್ಲದೆ, ಇಲ್ಲಿ ಎಣಿಸುವುದು ಪುಟ ಎಷ್ಟು ಸಲ ತೆರೆಯಿತು ಎಂಬುದನ್ನು, ಎಷ್ಟು ಜನ ಓದಿದರು ಎಂಬುದನ್ನಲ್ಲ.

ಆದ್ದರಿಂದ ಈ ಪಟ್ಟಿ ಹೇಳುವುದು ಕುತೂಹಲವನ್ನು, ಅಭಿಮಾನವನ್ನಲ್ಲ. ಫಾರ್ವರ್ಡ್ ಮಾಡುವ ಮುನ್ನ ಯಾವ ಭಾಷೆಯ ವಿಕಿಪೀಡಿಯ, ಯಾವ ಅವಧಿಯ ಲೆಕ್ಕ ಎಂದು ನೋಡಿಕೊಳ್ಳಿ.