ಮಂಡಲ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗೆ

ನಮ್ಮ ಶಾಲೆಯಲ್ಲಿ ಜೋರಾಪುರ ಪೇಟೆಯ ಓಣಿಗಳ ಹುಡುಗರೂ ಇದ್ದೆವು, ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ಬಂದವರೂ ಇದ್ದರು. ಎಲ್ಲರೂ ಓದಿದ್ದು ಒಂದೇ ಪೌರನೀತಿ ಪುಸ್ತಕ. ಆದರೆ ಗಟಾರ ತುಂಬಿದರೆ, ನಳಕ್ಕೆ ನೀರು ಬರದಿದ್ದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಪೇಟೆಯವರ ಉತ್ತರ ಬೇರೆ, ಹಳ್ಳಿಯವರ ಉತ್ತರ ಬೇರೆ. ಈ ವ್ಯತ್ಯಾಸದ ಹಿಂದೆ ಒಂದು ಇತಿಹಾಸವಿದೆ. ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ಇತಿಹಾಸಕಾರನಲ್ಲ. ಓದಿ ತಿಳಿದಷ್ಟನ್ನು ಈ ಸುವರ್ಣ ಮಹೋತ್ಸವ ಸಂಚಿಕೆಗಾಗಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತಕ್ಕೆ ಸೇರಿತ್ತು. ಆಗ ಹಳ್ಳಿಗಾಡಿನ ರಸ್ತೆ, ದವಾಖಾನೆಗಳಂಥ ಕೆಲಸ ಡಿಸ್ಟ್ರಿಕ್ಟ್ ಲೋಕಲ್ ಬೋರ್ಡಿನ ಕೈಯಲ್ಲಿತ್ತು. ಏಕೀಕರಣವಾದಾಗ ಮುಂಬೈ, ಹೈದರಾಬಾದ್, ಮದ್ರಾಸ್, ಮೈಸೂರು, ಕೊಡಗು ಹೀಗೆ ಒಂದೊಂದು ಭಾಗಕ್ಕೆ ಒಂದೊಂದು ಕಾಯ್ದೆ ಇತ್ತು. 1959ರ ಕಾಯ್ದೆ ಅವನ್ನೆಲ್ಲ ಒಂದು ಮಾಡಿತು. ಹಳ್ಳಿಗೆ ಗ್ರಾಮ ಪಂಚಾಯಿತಿ, ತಾಲ್ಲೂಕಿಗೆ ತಾಲ್ಲೂಕು ಬೋರ್ಡು ಬಂದವು. ಪಂಚಾಯಿತಿಗಳು ಚಿಕ್ಕವು. ಕೈಯಲ್ಲಿ ಹಣವೂ ಕಡಿಮೆ, ಅಧಿಕಾರವೂ ಕಡಿಮೆ.

ದೊಡ್ಡ ಬದಲಾವಣೆ ಬಂದದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರದ ಕಾಲದಲ್ಲಿ. ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಅವರು ಆಗ ಪಂಚಾಯತ್ ರಾಜ್ ಮಂತ್ರಿ. 1983ರ ಕಾಯ್ದೆಯಂತೆ ಹಲವು ಹಳ್ಳಿಗಳನ್ನು ಕೂಡಿಸಿ 8,000ದಿಂದ 12,000 ಜನಸಂಖ್ಯೆಗೆ ಒಂದು ಮಂಡಲ ಪಂಚಾಯಿತಿ ಮಾಡಿದರು. 500 ಜನರಿಗೆ ಒಬ್ಬ ಸದಸ್ಯ, ಹೆಣ್ಣುಮಕ್ಕಳಿಗೆ ಶೇ. 25 ಮೀಸಲಾತಿ. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು.

ಲೆಕ್ಕ ಸರಳವಾಗಿತ್ತು. ಸಣ್ಣ ಪಂಚಾಯಿತಿಗೆ ಒಬ್ಬ ಕಾರ್ಯದರ್ಶಿಯನ್ನು ಇಡುವುದೂ ಕಷ್ಟ. ನಾಲ್ಕು ಊರು ಕೂಡಿದರೆ ಹಣ, ಸಿಬ್ಬಂದಿ, ಕಚೇರಿ ಎಲ್ಲ ಆಗುತ್ತದೆ. ಆದರೆ ಕಚೇರಿ ಒಂದೇ ಊರಲ್ಲಿರುತ್ತದೆ. ಉಳಿದ ಊರಿನವರಿಗೆ ಅದು ದೂರ. ಆ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳು ಬಂದರು. ಸಂವಿಧಾನದ 73ನೇ ತಿದ್ದುಪಡಿಯ ನಂತರ 1993ರ ಕಾಯ್ದೆ ಮಂಡಲವನ್ನು ತೆಗೆದು ಗ್ರಾಮ ಪಂಚಾಯಿತಿಯನ್ನು ಮತ್ತೆ ತಂದಿತು. ಈ ಸಲ 5,000ದಿಂದ 7,000 ಜನಕ್ಕೆ ಒಂದು, 400 ಜನರಿಗೆ ಒಬ್ಬ ಸದಸ್ಯ. ಅದರ ಮೇಲೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಹೀಗೆ ಹಳ್ಳಿಗೆ ಮೂರು ಹಂತ. ಜೊತೆಗೆ, ಎದ್ದು ನಿಂತು ಕೇಳಲು ಗ್ರಾಮಸಭೆ.

ನಗರಕ್ಕೆ ಇರುವುದು ಒಂದೇ ಹಂತ. ನಮ್ಮ ನಗರಸಭೆ 2013ರಲ್ಲಿ ಮಹಾನಗರ ಪಾಲಿಕೆಯಾಯಿತು. ಪಾಲಿಕೆಯಾಗಲು ಕನಿಷ್ಠ 3 ಲಕ್ಷ ಜನಸಂಖ್ಯೆ ಬೇಕು. 2011ರ ಜನಗಣತಿಯಲ್ಲಿ ನಮ್ಮ ನಗರದ್ದು ಸುಮಾರು 3.27 ಲಕ್ಷ. 2022ರ ಚುನಾವಣೆ ನಡೆದದ್ದು 35 ವಾರ್ಡುಗಳಿಗೆ.

ಈಗ ನಮ್ಮ ಹೈಸ್ಕೂಲಿನ ಗಣಿತವನ್ನೇ ಹಚ್ಚೋಣ. 3.27 ಲಕ್ಷವನ್ನು 35ರಿಂದ ಭಾಗಿಸಿದರೆ ವಾರ್ಡಿಗೆ ಸುಮಾರು 9,300 ಜನ. ಅಂದರೆ ಜನಸಂಖ್ಯೆಯಲ್ಲಿ ಒಂದು ವಾರ್ಡು ಹಳೆಯ ಒಂದು ಮಂಡಲಕ್ಕೆ ಸಮ. ಆ ಮಂಡಲದಲ್ಲಿ ಇಷ್ಟು ಜನಕ್ಕೆ 18–19 ಸದಸ್ಯರಿರುತ್ತಿದ್ದರು. ಇಂದಿನ ಗ್ರಾಮ ಪಂಚಾಯಿತಿಯ ಲೆಕ್ಕ ಹಿಡಿದರೆ 23–24 ಮಂದಿ. ಪೇಟೆಯಲ್ಲಿ ಒಬ್ಬರೇ ಕಾರ್ಪೊರೇಟರು. ಅವರು ಎಷ್ಟೇ ಒಳ್ಳೆಯವರಿರಲಿ, ಒಬ್ಬರು ಎಷ್ಟು ಓಣಿ ತಿರುಗಬಲ್ಲರು?

ದೊಡ್ಡದು ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕುಡಿಯುವ ನೀರಿನ ಯೋಜನೆ, ಒಳಚರಂಡಿ, ಕಸ ವಿಲೇವಾರಿ ಇವೆಲ್ಲ ಸಣ್ಣ ಸಂಸ್ಥೆಯ ಕೈಗೆ ನಿಲುಕುವ ಕೆಲಸವಲ್ಲ. ಆದರೆ ಕೂಡಿಸಿದ ಮಾತ್ರಕ್ಕೆ ಅವು ಬಂದುಬಿಡುವುದಿಲ್ಲ. ಬೆಂಗಳೂರಿನಲ್ಲಿ 2007ರಲ್ಲಿ 7 ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಪಾಲಿಕೆ ಮಾಡಿದರು. ಆ 110 ಹಳ್ಳಿಗಳಿಗಾಗಿ ಹಾಕಿಕೊಂಡ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ 17 ವರ್ಷ. 2025ರಲ್ಲಿ ಆ ಬೃಹತ್ ಪಾಲಿಕೆಯನ್ನೇ ಐದು ಪಾಲಿಕೆಗಳಾಗಿ ಒಡೆದರು. ನಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಹುಬ್ಬಳ್ಳಿ-ಧಾರವಾಡ. 1962ರಲ್ಲಿ ಒಂದಾದ ಈ ಅವಳಿ ನಗರದಲ್ಲಿ ಧಾರವಾಡದವರು ಬಹುಕಾಲ ಪ್ರತ್ಯೇಕ ಪಾಲಿಕೆ ಕೇಳಿದರು. 2025ರ ಜನವರಿಯಲ್ಲಿ ಸಚಿವ ಸಂಪುಟ ಅದಕ್ಕೆ ಒಪ್ಪಿತು.

ಇಂಗ್ಲೆಂಡಿನಲ್ಲೂ ಇದೇ ನಡೆದಿದೆ. ಸಾಮರ್‌ಸೆಟ್ ಎಂಬಲ್ಲಿ 2023ರಲ್ಲಿ ಒಂದು ಕೌಂಟಿ, ನಾಲ್ಕು ಜಿಲ್ಲಾ ಕೌನ್ಸಿಲುಗಳನ್ನು ಕೂಡಿಸಿ ಒಂದೇ ಕೌನ್ಸಿಲ್ ಮಾಡಿದರು. ಆದರೆ ಅದರ ಕೆಳಗೆ ಪ್ಯಾರಿಷ್ ಎಂಬ ಊರಿನ ಕೌನ್ಸಿಲುಗಳು ಹಾಗೆಯೇ ಉಳಿದವು. ನಮ್ಮ ಕಾನೂನಿನಲ್ಲಿಯೂ ಇದಕ್ಕೆ ದಾರಿಯಿದೆ. 3 ಲಕ್ಷ ದಾಟಿದ ನಗರಕ್ಕೆ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ನಮ್ಮ ರಾಜ್ಯದ ಪಾಲಿಕೆ ಕಾಯ್ದೆಯಂತೆ ಕಾರ್ಪೊರೇಟರ್ ಅದರ ಅಧ್ಯಕ್ಷರು, ಜೊತೆಗೆ ವಾರ್ಡಿನ ಹತ್ತು ಮಂದಿ, ಅವರಲ್ಲಿ ಕನಿಷ್ಠ ಮೂವರು ಹೆಣ್ಣುಮಕ್ಕಳು. ತಿಂಗಳಿಗೊಮ್ಮೆ ಸಭೆ. ಆಗ ನಮ್ಮ 9,300 ಜನರ ಪರವಾಗಿ ಕೂಡುವವರು ಒಬ್ಬರಲ್ಲ, ಹನ್ನೊಂದು ಮಂದಿ.

ಊರು ಬೆಳೆಯುತ್ತಿದೆ. ಅಂಚಿನ ಹಳ್ಳಿಗಳನ್ನು ಪಾಲಿಕೆಗೆ ಸೇರಿಸುವ ಮಾತು ಇಂದಲ್ಲ ನಾಳೆ ಬಂದೇ ಬರುತ್ತದೆ. ಆಗ ಹಳ್ಳಿಯ ಹಿರಿಯರು ದೊಡ್ಡ ರಸ್ತೆ, ಬೀದಿದೀಪದ ಭರವಸೆಯನ್ನಷ್ಟೇ ಕೇಳಿ ತಲೆಯಾಡಿಸಬಾರದು. ಗ್ರಾಮಸಭೆ ಹೋಗುತ್ತದೆ, ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ಹೋಗುತ್ತದೆ, ಕರದ ಲೆಕ್ಕ ಬದಲಾಗುತ್ತದೆ. ಅದಕ್ಕೆ ಬದಲಾಗಿ ಏನು, ಯಾವಾಗ ಕೊಡುತ್ತೀರಿ ಎಂದು ಮೊದಲೇ ಬರೆಸಿಕೊಳ್ಳಬೇಕು. ಪೇಟೆಯವರಾದ ನಾವು ವಾರ್ಡ್ ಸಮಿತಿಯ ಸಭೆ ಯಾವ ದಿನ, ಎಲ್ಲಿ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು.

ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಈಗಿನ ಮಕ್ಕಳಿಗೆ ಒಂದು ಮಾತು. ಪೌರನೀತಿಯ ಪಾಠ ಪರೀಕ್ಷೆಗೆ ಮುಗಿಯುವುದಿಲ್ಲ. ನಿಮ್ಮ ವಾರ್ಡಿನ, ನಿಮ್ಮ ಪಂಚಾಯಿತಿಯ ಸದಸ್ಯರ ಹೆಸರು ಈ ವಾರವೇ ತಿಳಿದುಕೊಳ್ಳಿರಿ. ಕೇಳುವವರಿದ್ದರೆ ಸಂಸ್ಥೆ ದೊಡ್ಡದಾದರೂ ಹತ್ತಿರವೇ ಇರುತ್ತದೆ.