ಪಂಚಮಿ ಹಬ್ಬದ ಉಂಡಿ ಹಾಗೂ ಮಿತ ಆಹಾರ

ಮಾಸೂರು ಸೇರಿದಂತೆ ಹಾವೇರಿ ಜಿಲ್ಲೆಯ ಗ್ರಾಮಗಳಲ್ಲಿ ಶ್ರಾವಣ ಮಾಸದ ನಾಗರ ಪಂಚಮಿಗೆ ಶೇಂಗಾ, ಎಳ್ಳು, ಪುಟಾಣಿ ಮುಂತಾದವುಗಳ ಉಂಡಿಗಳನ್ನು ಕಟ್ಟಲಾಗುತ್ತದೆ. ಇವು ಪ್ರೋಟೀನ್‌ಯುಕ್ತವಾಗಿದ್ದು, ತೂಕ ಹೆಚ್ಚುವ ಭಯದಿಂದ ಸಂಪೂರ್ಣವಾಗಿ ತ್ಯಜಿಸುವ ಅಗತ್ಯವಿಲ್ಲ. ಆದರೆ ಶೇಂಗಾ ಮತ್ತು ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯ ಅಂಶವಿರುತ್ತದೆ. 1 ಗ್ರಾಂ ಬೆಲ್ಲದಿಂದ ಸುಮಾರು 4 ಕಿಲೋ ಕ್ಯಾಲರಿ ಶಕ್ತಿ ದೊರೆತರೆ, 1 ಗ್ರಾಂ ಎಣ್ಣೆಯಿಂದ 9 ಕಿಲೋ ಕ್ಯಾಲರಿ ದೊರೆಯುತ್ತದೆ. ಆದುದರಿಂದ ಪ್ರಮಾಣದ ಬಗ್ಗೆ ಎಚ್ಚರ ಅವಶ್ಯಕ.

ಗಮನಿಸಬೇಕಾದ ಅಂಶಗಳು:

1. ಉಂಡಿಗಳನ್ನು ಚಿಕ್ಕದಾಗಿ ಕಟ್ಟುವುದು. ರೊಟ್ಟಿ, ಕಾಳುಪಲ್ಯದ ಊಟದೊಂದಿಗೆ ಒಂದನ್ನು ಸೇವಿಸುವುದು.
2. ಹಬ್ಬದ ಮರುದಿನ ಉಪವಾಸ ಮಾಡದೆ ಎಂದಿನ ಊಟ ಹಾಗೂ ನಡಿಗೆಯನ್ನು ಮುಂದುವರಿಸುವುದು.
3. ಬೆಲ್ಲವೂ ರಕ್ತದಲ್ಲಿನ ಸಕ್ಕರೆಯನ್ನು ಹೆಚ್ಚಿಸುತ್ತದೆ. ಮಧುಮೇಹಿಗಳು ವೈದ್ಯರ ಸಲಹೆಯಂತೆ ಸೇವಿಸತಕ್ಕದ್ದು; ಔಷಧಿಯನ್ನು ತಪ್ಪಿಸಬಾರದು.

ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿಯಾಡಿ, ಉಂಡಿಯನ್ನು ಹಂಚಿಕೊಂಡು ತಿನ್ನುವ ಈ ಹಬ್ಬವನ್ನು ಆರೋಗ್ಯದೊಂದಿಗೆ ಆಚರಿಸಬಹುದಾಗಿದೆ.